ಕಾಲಿಂಗ್‌ವುಡ್ ನೆಟ್‌ಬಾಲ್ ತಂಡ ಮುಚ್ಚಿದ್ದು ಯಾಕೆ?

ರಘು:
ಆಸ್ಟ್ರೇಲಿಯಾದ ಮಹಿಳಾ ನೆಟ್‌ಬಾಲ್ ಲೀಗ್ ಆದ ಸೂಪರ್ ನೆಟ್‌ಬಾಲ್‌ನ ಹಳೆಯ ಪಂದ್ಯಗಳನ್ನು ನೋಡುತ್ತಿದ್ದೇನೆ. 2017ರ ಕಾಲಿಂಗ್‌ವುಡ್ ಮ್ಯಾಗ್ಪೈಸ್ ತಂಡದಲ್ಲಿ ಶಾರ್ನಿ ಲೇಟನ್, ಮ್ಯಾಡಿ ರಾಬಿನ್ಸನ್, ಕಿಮ್ ರವೈಲಿಯನ್, ಕೇಟ್ಲಿನ್ ಥ್ವೈಟ್ಸ್ ಎಲ್ಲರೂ ಇದ್ದಾರೆ. ಅರ್ಧ ಆಸ್ಟ್ರೇಲಿಯಾ ತಂಡವೇ ಒಂದು ಕಡೆ ಸೇರಿದ ಹಾಗಿದೆ. ಬೆನ್ನಿಗೆ ಮೆಲ್ಬರ್ನ್‌ನ ಅಷ್ಟು ದೊಡ್ಡ ಫುಟ್‌ಬಾಲ್ ಕ್ಲಬ್ ಬೇರೆ. ಆದರೂ 2023ಕ್ಕೆ ಎಲ್ಲ ಮುಗಿಯಿತು. ಬರೀ ದುಡ್ಡಿನ ಸಮಸ್ಯೆಯಾ?

ವೀಣಾ (ವಿಂಗ್ ಡಿಫೆನ್ಸ್):
ದುಡ್ಡೂ ಒಂದು ಕಾರಣ ರಘು ಅವರೇ. ಆದರೆ ನನಗೆ ಕಂಡಿದ್ದು ಬೇರೆ. ನಾನು ಮೆಲ್ಬರ್ನ್‌ನಲ್ಲಿ ಶನಿವಾರ ಹುಡುಗಿಯರ ಜೂನಿಯರ್ ತಂಡಕ್ಕೆ ಕೋಚಿಂಗ್ ಮಾಡುತ್ತೇನೆ. ನಮ್ಮ ಹುಡುಗಿಯರು ಸೆಂಟರ್ ಬಿಬ್ (ಅಂಗಳದ ಮಧ್ಯದಲ್ಲಿ ಆಡುವವರು ತೊಡುವ ಅಂಗಿ) ಯಾರಿಗೆ ಅಂತ ಜಗಳ ಆಡುತ್ತಾರೆ, ಆದರೆ ಯಾವ ತಂಡ ಅಂತ ಕೇಳಿದರೆ ಎಲ್ಲರದೂ ಒಂದೇ ಉತ್ತರ, ವಿಕ್ಸೆನ್ಸ್. 2008ರಿಂದ ಈ ಊರಿನ ತಂಡ ಅದು. ಅದರ ಒಡೆತನ ನೆಟ್‌ಬಾಲ್ ವಿಕ್ಟೋರಿಯಾದ್ದು. ಇಲ್ಲಿನ ಜೂನಿಯರ್ ಆಟವನ್ನು ನೋಡಿಕೊಳ್ಳುವುದೂ ಅದೇ ಸಂಸ್ಥೆ. ಅಂದರೆ ಮಕ್ಕಳು ಚೆಂಡು ಹಿಡಿಯುವುದನ್ನು ಕಲಿಯುವಾಗಲೇ ಯಾರ ಅಭಿಮಾನಿ ಅನ್ನೋದೂ ತೀರ್ಮಾನ ಆಗಿರುತ್ತದೆ.

ಕಾಲಿಂಗ್‌ವುಡ್ ಅದೇ ಊರಿಗೆ ದೊಡ್ಡ ಹೆಸರುಗಳನ್ನು ಕರೆತಂದಿತು. ರಾಬಿನ್ಸನ್ ವಿಕ್ಸೆನ್ಸ್‌ನಿಂದಲೇ ಬಂದವರು. ಸಂಬಳಕ್ಕೆ ಎಲ್ಲ ತಂಡಗಳಿಗೂ ಒಂದೇ ಮಿತಿ, ಹಾಗಾಗಿ ಕ್ಲಬ್ ಎಷ್ಟೇ ಶ್ರೀಮಂತವಾಗಿದ್ದರೂ ಅಂಗಳದಲ್ಲಿ ಅದರ ಲಾಭ ಸಿಗುವುದಿಲ್ಲ. ಮೊದಲ ವರ್ಷ ನಾಲ್ಕನೇ ಸ್ಥಾನ. ಲೇಟನ್ ಆ ಸೀಸನ್ ಮಧ್ಯೆಯೇ ದಣಿದು ಬಿಡುವು ತೆಗೆದುಕೊಂಡರು. ಆಮೇಲೂ ತಂಡ ಫೈನಲ್ಸ್ ಸುತ್ತಿಗೆ ಹೋಯಿತು, ಕಪ್ ತೀರ್ಮಾನಿಸುವ ಗ್ರ್ಯಾಂಡ್ ಫೈನಲ್ ಮಾತ್ರ ಒಮ್ಮೆಯೂ ಆಡಲಿಲ್ಲ. ಥ್ವೈಟ್ಸ್ ಪಕ್ಕದ ವಿಕ್ಸೆನ್ಸ್‌ಗೆ ಹೋಗಿ 2020ರಲ್ಲಿ ಅಲ್ಲೇ ಕಪ್ ಎತ್ತಿದರು. ಅವರಿಗೆ ಖುಷಿ ಪಟ್ಟೆ, ಮ್ಯಾಗ್ಪೈಸ್‌ಗೆ ತುಂಬಾ ಬೇಜಾರಾಯಿತು.

ಕಿರಣ್:
ಒಂದೇ ಊರಿನಲ್ಲಿ ಎರಡು ತಂಡ ಅನ್ನೋದು ಕಾರಣ ಆಗಲ್ಲ ಅನಿಸುತ್ತದೆ. ಸಿಡ್ನಿಯಲ್ಲೂ ಸ್ವಿಫ್ಟ್ಸ್ ಇತ್ತು, ಅಲ್ಲಿಗೆ ಜೈಂಟ್ಸ್ ಬಂತು. ಅದರ ಬೆನ್ನಿಗೂ ಫುಟ್‌ಬಾಲ್ ಕ್ಲಬ್ಬೇ, ಅದೂ 2017ರಲ್ಲೇ. ಇನ್ನೂ ಆಡುತ್ತಿದೆ ಅಲ್ವಾ?

ವೀಣಾ (ವಿಂಗ್ ಡಿಫೆನ್ಸ್):
ಒಳ್ಳೆಯ ಪ್ರಶ್ನೆ ಕಿರಣ್. ಜೈಂಟ್ಸ್ ಶುರುವಿನಲ್ಲೇ ಜೂಲಿ ಫಿಟ್ಜೆರಾಲ್ಡ್ ಅವರನ್ನು ಕೋಚ್ ಮಾಡಿತು. ಸಿಡ್ನಿ ನೆಟ್‌ಬಾಲ್‌ನಲ್ಲಿ ಅವರನ್ನು ತಿಳಿಯದವರಿಲ್ಲ, ಹಿಂದೆ ಸ್ವಿಫ್ಟ್ಸ್‌ಗೆ ಕಪ್ ಗೆಲ್ಲಿಸಿದವರೇ ಅವರು. ವರ್ಷಗಟ್ಟಲೆ ಅವರನ್ನೇ ಉಳಿಸಿಕೊಂಡರು. 2017 ಮತ್ತು 2021ರಲ್ಲಿ ಜೈಂಟ್ಸ್ ಗ್ರ್ಯಾಂಡ್ ಫೈನಲ್ ಆಡಿತು. ಇತ್ತ ಕಾಲಿಂಗ್‌ವುಡ್‌ನಲ್ಲಿ ಏಳು ಸೀಸನ್‌ಗೆ ಮೂವರು ಕೋಚ್: ಕ್ರಿಸ್ಟಿ ಕೆಪಿಚ್-ಬಿರೆಲ್, ರಾಬ್ ರೈಟ್, ನಿಕೋಲ್ ರಿಚರ್ಡ್‌ಸನ್. ಪ್ರತಿ ಸಲವೂ ತಂಡ ಮತ್ತೆ ಮೊದಲಿನಿಂದ ಕಟ್ಟಿದ ಹಾಗೆ ಕಾಣುತ್ತಿತ್ತು.

ಸನ್‌ಶೈನ್ ಕೋಸ್ಟ್ ಲೈಟ್ನಿಂಗ್ ನೋಡಿ. ಅದೂ 2017ರ ಹೊಸ ತಂಡ, ಹಿಂದೆ ರಗ್ಬಿ ಲೀಗ್ ಕ್ಲಬ್ ಇತ್ತು. ಆದರೆ ಆ ಕರಾವಳಿಗೆ ಅದೊಂದೇ ನೆಟ್‌ಬಾಲ್ ತಂಡ. ಮೊದಲ ಎರಡೂ ವರ್ಷ ಕಪ್ ಅವರದೇ. ಅಲ್ಲಿ ಕ್ಯಾಪ್ಟನ್ ಆಗಿದ್ದ ಜೀವಾ ಮೆಂಟರ್ 2019ರಲ್ಲಿ ಮ್ಯಾಗ್ಪೈಸ್‌ಗೆ ಬಂದರು. ಅಂಥ ಗೋಲ್ ಕೀಪರ್ ಬಂದರೂ ಕಪ್ ಬರಲಿಲ್ಲ.

ಸ್ಮಿತಾ:
ವೀಣಾ ಅಕ್ಕ, ಆ್ಯಶ್ ಬ್ರೇಝಿಲ್ ಬಗ್ಗೆ ಹೇಳಲೇ ಇಲ್ಲ ನೀವು! ಒಂದೇ ಕ್ಲಬ್ಬಿಗೆ ಫುಟ್‌ಬಾಲೂ ನೆಟ್‌ಬಾಲೂ ಆಡಿದವರು. ತಂಡ ಮುಚ್ಚಿದ ಮೇಲೆ ಆ ಜಾಗ ಖಾಲಿಯೇ ಉಳಿಯಿತಾ?

ವೀಣಾ (ವಿಂಗ್ ಡಿಫೆನ್ಸ್):
ಬ್ರೇಝಿಲ್ ನನ್ನ ಅಚ್ಚುಮೆಚ್ಚು ಸ್ಮಿತಾ. ನನ್ನ ಹೆಸರಿನ ಪಕ್ಕ ಇರೋದು ಅವರ ಜಾಗವೇ! ಅವರ ಓಟ, ಚೆಂಡು ಕಸಿಯುವ ರೀತಿ, ಅದನ್ನು ನೋಡೋಕೆ ಅಂತಲೇ ಹೋಗುತ್ತಿದ್ದೆ. 2023ರ ಸೀಸನ್ ಇನ್ನೂ ನಡೆಯುತ್ತಿರುವಾಗಲೇ ಕ್ಲಬ್ ಲೀಗ್‌ನಿಂದ ಹೊರಹೋಗುವ ಸುದ್ದಿ ಬಂತು. ಉಳಿದ ಪಂದ್ಯಗಳನ್ನು ಆಟಗಾರ್ತಿಯರು ಅದನ್ನು ತಲೆಯಲ್ಲಿಟ್ಟುಕೊಂಡೇ ಆಡಬೇಕಾಯಿತು. ನನಗೆ ಅದೇ ಜಾಸ್ತಿ ನೋವು. ಜೊತೆಗೆ ಆ ವರ್ಷ ಲೀಗ್‌ನ ಸಂಬಳದ ಮಾತುಕತೆ ಎಳೆದಾಡಿ ಡಿಸೆಂಬರ್‌ಗೆ ಮುಗಿಯಿತು. ಅಲ್ಲಿಯವರೆಗೆ ಎಷ್ಟೋ ಆಟಗಾರ್ತಿಯರ ಕೈಯಲ್ಲಿ ಕಾಂಟ್ರ್ಯಾಕ್ಟೇ ಇರಲಿಲ್ಲ.

ಜಾಗ ಖಾಲಿ ಉಳಿಯಲಿಲ್ಲ. 2024ರಿಂದ ಮೆಲ್ಬರ್ನ್ ಮ್ಯಾವರಿಕ್ಸ್ ಆಡುತ್ತಿದೆ. ಮೊದಲ ಕೋಚ್ ಇಂಗ್ಲೆಂಡಿನ ಟ್ರೇಸಿ ನೆವಿಲ್. ಇವರಾದರೂ ಶನಿವಾರ ಬೆಳಿಗ್ಗೆ ಜೂನಿಯರ್ ಅಂಗಳಗಳಿಗೆ ಬರಲಿ. ನಮ್ಮ ಹುಡುಗಿಯರು ಅಲ್ಲೇ ಇರುತ್ತಾರೆ.