ಟಿಪಿಎ ಜೀನ್ ಎಲ್ಲ ಕೋಶಗಳಲ್ಲಿದ್ದರೂ ಎಲ್ಲೆಡೆ ಒಂದೇ ರೀತಿ ಏಕೆ ಕೆಲಸ ಮಾಡುವುದಿಲ್ಲ?

ಪ್ರಶ್ನೆ (ಜೀವರಸಾಯನಶಾಸ್ತ್ರದ ವಿದ್ಯಾರ್ಥಿನಿ, ಶಿಡ್ಲಘಟ್ಟ)

ಪ್ಲಾಸ್ಮಿನೋಜೆನ್ ಎಂಬ ಪ್ರೋಟೀನನ್ನು ಪ್ಲಾಸ್ಮಿನ್ ಆಗಿ ಮಾರ್ಪಡಿಸಿ ರಕ್ತದ ಹೆಪ್ಪು ಕರಗುವಂತೆ ಮಾಡುವ ಕಿಣ್ವಗಳು ನಮ್ಮ ದೇಹದಲ್ಲಿ ಮುಖ್ಯವಾಗಿ ಎರಡು: ಟಿಪಿಎ (ಟಿಷ್ಯೂ ಪ್ಲಾಸ್ಮಿನೋಜೆನ್ ಆಕ್ಟಿವೇಟರ್) ಮತ್ತು ಯೂರೋಕೈನೇಸ್. ಮೊದಲನೆಯದರ ಜೀನ್ 8ನೇ ವರ್ಣತಂತುವಿನಲ್ಲಿದೆ, ಎರಡನೆಯದರದು 10ನೇ ವರ್ಣತಂತುವಿನಲ್ಲಿ. ಎರಡೂ ಒಂದೇ ಕೋಶಕೇಂದ್ರದೊಳಗೆ ಇರುವಾಗ, ರಕ್ತನಾಳದ ಒಳಪದರದ ಕೋಶಗಳು ಮುಖ್ಯವಾಗಿ ಟಿಪಿಎಯನ್ನೂ ಮೂತ್ರಪಿಂಡದ ನಾಳಿಕೆಗಳ ಕೋಶಗಳು ಯೂರೋಕೈನೇಸನ್ನೂ ತಯಾರಿಸುವುದು ಹೇಗೆ? ನಮ್ಮ ಪಠ್ಯಪುಸ್ತಕ ‘ಅಂಗಾಂಶಕ್ಕೆ ತಕ್ಕ ನಿಯಂತ್ರಣ’ ಎಂದಷ್ಟೇ ಹೇಳಿ ಮುಂದಕ್ಕೆ ಹೋಗುತ್ತದೆ.

ಉತ್ತರ (ನಿವೃತ್ತ ಉಪನ್ಯಾಸಕ, ಚಿಂತಾಮಣಿ)

ನಿಮ್ಮೂರಿನ ರೇಷ್ಮೆಹುಳುವಿನಲ್ಲೇ ಇದಕ್ಕೆ ಉದಾಹರಣೆಯಿದೆ. ಅದರ ರೇಷ್ಮೆಗ್ರಂಥಿಯ ಹಿಂಭಾಗದ ಕೋಶಗಳು ಎಳೆಯಾಗುವ ಫೈಬ್ರಾಯಿನನ್ನು ತಯಾರಿಸಿದರೆ, ನಡುಭಾಗದ ಕೋಶಗಳು ಗೂಡನ್ನು ಕುದಿನೀರಿಗೆ ಹಾಕಿದಾಗ ಸಡಿಲವಾಗುವ ಅಂಟನ್ನು, ಅಂದರೆ ಸೆರಿಸಿನನ್ನು, ತಯಾರಿಸುತ್ತವೆ. ಎರಡೂ ಕಡೆ ಎರಡೂ ಜೀನ್‌ಗಳಿವೆ. ಅವುಗಳನ್ನು ಓದಿಸುವ ಪ್ರೋಟೀನ್‌ಗಳು ಬೇರೆ.

ಯೂರೋಕೈನೇಸ್ ಜೀನಿನ ಆರಂಭಕ್ಕೆ ಸುಮಾರು 2,000 ಬೇಸ್‌ಗಳಷ್ಟು (ಡಿಎನ್‌ಎಯ ಅಕ್ಷರಗಳಷ್ಟು) ಮೊದಲು ಒಂದು ಎನ್‌ಹ್ಯಾನ್ಸರ್, ಅಂದರೆ ಜೀನಿನ ಓದನ್ನು ಹೆಚ್ಚಿಸುವ ಡಿಎನ್‌ಎ ತುಣುಕು, ಇದ್ದು, ಅಲ್ಲಿ ಎಪಿ-1 ಹಾಗೂ ಇಟಿಎಸ್ ಗುಂಪಿನ, ಜೀನನ್ನು ಓದಿಸುವ ಪ್ರೋಟೀನ್‌ಗಳು ಬಂದು ಕೂರುತ್ತವೆ. ಬೆಳವಣಿಗೆಯ ಅಂಶಗಳ ಸಂಕೇತ ಬಂದೊಡನೆ ಈ ಜೀನ್ ಚುರುಕಾಗುವುದು ಇದರಿಂದಲೇ. ಟಿಪಿಎ ಜೀನಿನಲ್ಲಾದರೋ, ಆರಂಭದ ಹತ್ತಿರವೇ ಸಿಆರ್‌ಇಯನ್ನು (ಕೋಶದೊಳಗಿನ ಸಿಎಎಂಪಿ ಎಂಬ ಸಂಕೇತಕ್ಕೆ ಸ್ಪಂದಿಸುವ ಡಿಎನ್‌ಎ ತುಣುಕನ್ನು) ಹೋಲುವ ಒಂದು ತಾಣವೂ, 7,000ಕ್ಕೂ ಹೆಚ್ಚು ಬೇಸ್‌ಗಳಾಚೆ ರೆಟಿನೋಯಿಕ್ ಆಮ್ಲದ ಗ್ರಾಹಕ ಕೂರುವ ತಾಣವೂ ಇವೆ. ಹೀಗಾಗಿ ಎ ಜೀವಸತ್ವದಿಂದ ಬರುವ ಆ ಆಮ್ಲವನ್ನು ಕೊಟ್ಟಾಗ ರಕ್ತನಾಳದ ಕೋಶಗಳಲ್ಲಿ ಟಿಪಿಎ ಏರುತ್ತದೆ.

ಉತ್ತರ (ಪ್ರಯೋಗಾಲಯ ತಂತ್ರಜ್ಞೆ, ತುಮಕೂರು)

ಸರ್ ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ತಾಣ ಇದ್ದ ಮಾತ್ರಕ್ಕೆ ಸಾಲದು, ಅದು ತೆರೆದಿರಬೇಕು. ಡಿಎನ್‌ಎ ಸುತ್ತಿಕೊಂಡಿರುವ ಪ್ರೋಟೀನ್‌ಗಳಾದ ಹಿಸ್ಟೋನ್‌ಗಳ ಅಸಿಟೈಲ್ ಗುಂಪನ್ನು ಕಿತ್ತುಹಾಕಿ ಡಿಎನ್‌ಎಯನ್ನು ಬಿಗಿಯಾಗಿಸುವ ಕಿಣ್ವಗಳನ್ನು ತಡೆದರೆ, ಪ್ರಯೋಗಾಲಯದಲ್ಲಿ ಬೆಳೆಸಿದ ರಕ್ತನಾಳದ ಕೋಶಗಳು ಹೆಚ್ಚು ಟಿಪಿಎ ತಯಾರಿಸುತ್ತವೆ; ಮೂರ್ಛೆರೋಗಕ್ಕೆ ಕೊಡುವ ವ್ಯಾಲ್ಪ್ರೋಯಿಕ್ ಆಮ್ಲವೂ ಅಂಥದೊಂದು ತಡೆ. (ಇದನ್ನೋದಿ ಯಾರೂ ಮಾತ್ರೆ ನುಂಗಬೇಡಿ.)

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಹಾಗಾದರೆ ಜೀನಿನಿಂದ ನಕಲಾಗಿ ಬರುವ ಎಂಆರ್‌ಎನ್‌ಎಯನ್ನು ಅಳೆದರೆ ಕಿಣ್ವದ ಪ್ರಮಾಣ ತಿಳಿದಂತೆಯೇ, ಸರ್?

ಉತ್ತರ (ನಿವೃತ್ತ ಉಪನ್ಯಾಸಕ, ಚಿಂತಾಮಣಿ)

ಇಲ್ಲ, ಅಲ್ಲೇ ಹಲವರು ಎಡವುತ್ತಾರೆ. ಇಲಿಯ ಅಂಡಾಣುವಿನಲ್ಲಿ ಟಿಪಿಎಯ ಎಂಆರ್‌ಎನ್‌ಎ ಮೊದಲೇ ತಯಾರಾಗಿ ಸುಮ್ಮನೆ ಬಿದ್ದಿರುತ್ತದೆ. ಅಂಡಾಣು ಪಕ್ವವಾಗತೊಡಗಿದಾಗ ಆ ಎಂಆರ್‌ಎನ್‌ಎಯ ತುದಿಯಲ್ಲಿರುವ ‘ಎ’ ಅಕ್ಷರಗಳ ಬಾಲ ಉದ್ದವಾಗಿ, ಆಮೇಲೆಯೇ ಪ್ರೋಟೀನ್ ಹುಟ್ಟುತ್ತದೆ. ರಕ್ತನಾಳದ ಕೋಶವು ತಯಾರಾದ ಟಿಪಿಎಯನ್ನು ಸಣ್ಣ ಕೋಶಿಕೆಗಳಲ್ಲಿ ಕೂಡಿಟ್ಟು, ಬ್ರಾಡಿಕೈನಿನ್‌ನಂಥ (ರಕ್ತನಾಳ ಹಿಗ್ಗಿಸುವ ಪೆಪ್ಟೈಡ್) ಪ್ರಚೋದನೆ ಬಂದಾಗ ಹೊರಬಿಡುತ್ತದೆ. ಹೊರಬಂದದ್ದನ್ನೂ ಪಿಎಐ-1 ಎಂಬ ಪ್ರೋಟೀನ್ ಹಿಡಿದು ನಿಷ್ಕ್ರಿಯಗೊಳಿಸಬಲ್ಲದು, ಮತ್ತು ರಕ್ತದಲ್ಲಿ ಪಿಎಐ-1ರ ಮಟ್ಟ ಬೆಳಗಿನ ಹೊತ್ತು ಹೆಚ್ಚು. ಆದ್ದರಿಂದ ರಕ್ತದ ಮಾದರಿಯಲ್ಲಿ ಟಿಪಿಎಯ ಒಟ್ಟು ಪ್ರಮಾಣವನ್ನೂ ಚಟುವಟಿಕೆಯನ್ನೂ ಬೇರೆಬೇರೆಯಾಗಿ ಅಳೆಯಿರಿ, ಮಾದರಿ ತೆಗೆದ ಗಂಟೆಯನ್ನು ಬರೆದಿಟ್ಟುಕೊಳ್ಳಿ.