ಸ್ಮಾರ್ಟ್ ಕನ್ನಡಿ: ಸೂಡೋ ಹಾಕಿದರೂ ಇನ್‌ಸ್ಟಾಲ್ ಆಗ್ತಿಲ್ಲ, ಯಾಕೆ?

ಪ್ರಶ್ನೆ

ನಮಸ್ಕಾರ ಸರ್. ಹಾಲ್‌ಗೆ ಒಂದು ಸ್ಮಾರ್ಟ್ ಕನ್ನಡಿ ಮಾಡೋಣ ಅಂತ ಹೊರಟಿದ್ದೇನೆ. ಹಿಂದೆ ಹಳೇ ಮಾನಿಟರ್, ಮುಂದೆ ಒಂದು ಕಡೆ ಕನ್ನಡಿಯ ಹಾಗಿದ್ದು, ಹಿಂದಿನ ಬೆಳಕು ಹಾಯ್ದು ಕಾಣುವ ಗಾಜು. ಮುಖ ನೋಡಿಕೊಳ್ಳುವಾಗಲೇ ಗಡಿಯಾರ, ಹವಾಮಾನ, ಮಗನ ಪರೀಕ್ಷೆ ದಿನಾಂಕ ಕಾಣಬೇಕು. ಬಡಗಿ ಚೌಕಟ್ಟು ಮಾಡಿಕೊಟ್ಟು ಎರಡು ವಾರ ಆಯ್ತು. ಸಾಫ್ಟ್‌ವೇರ್ ಮಾತ್ರ ಏಳುತ್ತಿಲ್ಲ.

ಮಾನಿಟರಿಗೆ ಜೋಡಿಸಿರುವುದು ಹಳೇ ಲ್ಯಾಪ್‌ಟಾಪ್, ಅದರಲ್ಲಿ ಉಬುಂಟು 24.04 ಲಿನಕ್ಸ್. ಹಾಕಬೇಕಾಗಿರುವುದು ಮ್ಯಾಜಿಕ್‌ಮಿರರ್ ಅನ್ನೋ ಕನ್ನಡಿ ಸಾಫ್ಟ್‌ವೇರ್. ಅದು ಓಡಲು ಬೇಕಾದ ನೋಡ್ ಜೆಎಸ್ ಅನ್ನು ಉಬುಂಟುವಿನದೇ ಇನ್‌ಸ್ಟಾಲರ್ ಆಪ್ಟ್‌ನಿಂದ ಹಾಕಿಕೊಂಡೆ. ಇನ್‌ಸ್ಟಾಲ್ ಕೊಟ್ಟರೆ 'ಅನ್‌ಸಪೋರ್ಟೆಡ್ ಎಂಜಿನ್' ಅಂತ ಬಂತು. ಸೂಡೋ (ಅಡ್ಮಿನ್ ಅಧಿಕಾರ) ಹಾಕಿ, ಜೊತೆಗೆ ಫೋರ್ಸ್ ಅಂತಲೂ ಸೇರಿಸಿ ಕೊಟ್ಟೆ. ಏನೇನೋ ಓಡಿ ಮುಗಿಯಿತು. ಸೂಡೋ ಹಾಕಿ ಸ್ಟಾರ್ಟ್ ಮಾಡಿದರೆ ರೂಟ್ (ಅಂದರೆ ಅಡ್ಮಿನ್) ಆಗಿ ಓಡಿಸುವ ಹಾಗಿಲ್ಲ ಅನ್ನುತ್ತದೆ. ಸೂಡೋ ತೆಗೆದು ಮತ್ತೆ ಇನ್‌ಸ್ಟಾಲ್ ಕೊಟ್ಟರೆ 'ಪರ್ಮಿಷನ್ ಡಿನೈಡ್'. 'ಒಂದು ಗೋಡೆ ಗಡಿಯಾರ ತಂದಿದ್ದರೆ ಆಗ್ತಿತ್ತು' ಅಂತ ನಮ್ಮ ಯಜಮಾನರು ದಿನಾ ಹೇಳುತ್ತಿದ್ದಾರೆ.

ಉತ್ತರ

ನಮಸ್ಕಾರ ಮೇಡಂ. ಕನ್ನಡಿ ಸಾಫ್ಟ್‌ವೇರಿನಲ್ಲಿ ತಪ್ಪೇನಿಲ್ಲ. ಬೇಡದ ಕಡೆ ಸೂಡೋ ಹಾಕಿದ್ದೀರಿ, ಅಷ್ಟೇ. (ಕಮಾಂಡುಗಳನ್ನೂ ಕನ್ನಡ ಅಕ್ಷರದಲ್ಲೇ ಬರೆಯುತ್ತೇನೆ. ಟರ್ಮಿನಲ್‌ನಲ್ಲಿ ಇಂಗ್ಲಿಷಿನಲ್ಲಿ ಟೈಪ್ ಮಾಡಿ.)

ನಿಮಗೆ ಬಂದ ಮೂರು ಎರರ್‌ಗಳಲ್ಲಿ ನಿಜವಾದದ್ದು ಮೊದಲನೆಯದು ಮಾತ್ರ. ಉಬುಂಟು 24.04ರ ಆಪ್ಟ್ ಕೊಡುವ ನೋಡ್ 18ನೇ ಆವೃತ್ತಿ. ಈಗಿನ ಮ್ಯಾಜಿಕ್‌ಮಿರರ್ 22ಕ್ಕಿಂತ ಕೆಳಗಿನದನ್ನು ಒಪ್ಪುವುದಿಲ್ಲ. ಅದು 'ಎಂಜಿನ್ ಹಳೆಯದು' ಅಂದದ್ದು ಇದನ್ನೇ. ನೀವು ಫೋರ್ಸ್ ಅಂತ ಬಾಯಿ ಮುಚ್ಚಿಸಿದಿರಿ. ಸೂಡೋ ಹಾಕಿದ್ದರಿಂದ ಇಳಿದ ಸಾವಿರಾರು ಫೈಲುಗಳೆಲ್ಲ ರೂಟ್ ಹೆಸರಿಗೆ ಖಾತೆಯಾದವು. ನಿಮ್ಮ ಮನೆಯಲ್ಲೇ ನಿಮಗೆ ಪ್ರವೇಶ ಇಲ್ಲದ ಹಾಗಾಯ್ತು.

ಮೊದಲು ಆ ಫೈಲುಗಳ ಖಾತೆ ಬದಲಾಯಿಸಿ. ಮ್ಯಾಜಿಕ್‌ಮಿರರ್ ಫೋಲ್ಡರ್ ಮತ್ತು ಹೋಮ್‌ನಲ್ಲಿ ಅಡಗಿರುವ 'ಡಾಟ್ ಎನ್‌ಪಿಎಂ' ಫೋಲ್ಡರ್ (ಎನ್‌ಪಿಎಂ ಅಂದರೆ ನೋಡ್‌ನ ಇನ್‌ಸ್ಟಾಲರ್), ಎರಡಕ್ಕೂ 'ಸೂಡೋ ಸಿಎಚ್‌ಓನ್, ಹೈಫನ್ ದೊಡ್ಡ ಆರ್' ಕೊಟ್ಟು ನಿಮ್ಮ ಯೂಸರ್ ಹೆಸರಿಗೆ ಮಾಡಿಕೊಳ್ಳಿ. ಮ್ಯಾಜಿಕ್‌ಮಿರರ್ ಒಳಗಿನ ನೋಡ್ ಮಾಡ್ಯೂಲ್ಸ್ ಫೋಲ್ಡರನ್ನು ಪೂರ್ತಿ ಅಳಿಸಿ. ಅದರಲ್ಲಿ ಉಳಿಸಿಕೊಳ್ಳುವಂಥದ್ದು ಏನೂ ಇಲ್ಲ.

ಆಮೇಲೆ ಬೇಕಾದ ನೋಡ್ ಆವೃತ್ತಿ ತಂದುಕೊಡುವ ಎನ್‌ವಿಎಂ ಹಾಕಿ, ಟರ್ಮಿನಲ್ ಮುಚ್ಚಿ ತೆರೆದು, 'ಎನ್‌ವಿಎಂ ಇನ್‌ಸ್ಟಾಲ್ 22' ಕೊಡಿ. ಈಗ ಒಂದು ಪರೀಕ್ಷೆ. 'ನೋಡ್ ಹೈಫನ್ ವಿ' ಕೊಟ್ಟರೆ 22 ಅನ್ನುತ್ತದೆ. ಅದನ್ನೇ ಮುಂದೆ ಸೂಡೋ ಸೇರಿಸಿ ಕೊಟ್ಟು ನೋಡಿ, 18 ಅನ್ನುತ್ತದೆ! ಹೊಸ ನೋಡ್ ಕೂತಿರುವುದು ನಿಮ್ಮ ಹೋಮ್ ಫೋಲ್ಡರಿನಲ್ಲಿ. ಸೂಡೋಗೆ ನಿಮ್ಮ ದಾರಿ ಗೊತ್ತಿಲ್ಲ. ಅದು ತನ್ನದೇ ದಾರಿಯಲ್ಲಿ ಹೋಗಿ ಹಳೇ ನೋಡನ್ನೇ ಎತ್ತಿಕೊಂಡು ಬರುತ್ತದೆ. ಇದನ್ನು ಒಮ್ಮೆ ಕಣ್ಣಾರೆ ನೋಡಿದರೆ ಎನ್‌ಪಿಎಂ ಮುಂದೆ ಸೂಡೋ ಹಾಕೋಕೆ ಕೈ ಬರುವುದಿಲ್ಲ.

ಈಗ ಸೂಡೋ ಇಲ್ಲದೆ 'ಎನ್‌ಪಿಎಂ ರನ್ ಇನ್‌ಸ್ಟಾಲ್-ಎಂಎಂ'. ಮುಗಿದ ಮೇಲೆ 'ಎನ್‌ಪಿಎಂ ರನ್ ಸ್ಟಾರ್ಟ್'. ಏನು ಬಂತು ಹೇಳಿ. ಎರರ್ ಬಂದರೆ ಮೊದಲ ಸಾಲು ಹಾಕಿ, ಕೊನೇ ಸಾಲು ಬೇಡ.

ಕೇಳಿದವರು

22, 18 ಎರಡೂ ನೀವು ಹೇಳಿದ ಹಾಗೇ ಬಂತು ಸರ್! ಇನ್‌ಸ್ಟಾಲ್ ಆಯ್ತು. ಸ್ಟಾರ್ಟ್ ಕೊಟ್ಟರೆ ಹೊಸ ರಗಳೆ. 'ಎಸ್‌ಯುಐಡಿ ಸ್ಯಾಂಡ್‌ಬಾಕ್ಸ್ ಹೆಲ್ಪರ್' ಸರಿಯಾಗಿಲ್ಲ, 'ಕ್ರೋಮ್-ಸ್ಯಾಂಡ್‌ಬಾಕ್ಸ್' ರೂಟ್‌ನದಾಗಿರಬೇಕು, 4755 ಇರಬೇಕು ಅನ್ನುತ್ತದೆ. 'ನೋ-ಸ್ಯಾಂಡ್‌ಬಾಕ್ಸ್' ಅಂತ ಸೇರಿಸಿದರೆ ಸಾಕು ಅಂತ ಒಂದು ಕಡೆ ಓದಿದೆ. ಹಾಕಲಾ?

ಉತ್ತರ

ಹಾಕಬೇಡಿ. ನೋಡಿ, ಸೂಡೋ ನಿಜವಾಗಿ ಬೇಕಾದ ಜಾಗ ಇದು.

ಮ್ಯಾಜಿಕ್‌ಮಿರರ್ ಪರದೆ ತೋರಿಸುವುದು ಎಲೆಕ್ಟ್ರಾನ್ ಮೂಲಕ. ಎಲೆಕ್ಟ್ರಾನ್ ಒಳಗಿರುವುದು ಕ್ರೋಮಿಯಂ ಬ್ರೌಸರ್. ಅದು ಪುಟವನ್ನು ಸ್ಯಾಂಡ್‌ಬಾಕ್ಸ್ ಅನ್ನೋ ಒಂದು ಕೋಣೆಯಲ್ಲಿ ಕೂಡಿಹಾಕಿ ಹೊರಗಿನಿಂದ ಚಿಲಕ ಹಾಕುತ್ತದೆ, ಪುಟದಲ್ಲಿ ಏನಾದರೂ ಕಿಡಿಗೇಡಿ ಕೋಡ್ ಇದ್ದರೂ ಕಂಪ್ಯೂಟರಿನೊಳಕ್ಕೆ ನುಗ್ಗದಿರಲಿ ಅಂತ. ಲಿನಕ್ಸ್‌ನಲ್ಲಿ ಈ ಚಿಲಕ ಹಾಕೋಕೆ ಎರಡು ದಾರಿ. ಒಂದನ್ನು ಉಬುಂಟು 24.04ರಲ್ಲಿ ಆ್ಯಪ್‌ಆರ್ಮರ್ ಅನ್ನೋ ಕಾವಲು ವ್ಯವಸ್ಥೆ ತಡೆಯುತ್ತದೆ. ಹಾಗಾಗಿ ಎರಡನೇ ದಾರಿ ಹಿಡಿಯುತ್ತದೆ. ಅದಕ್ಕೆ ಕ್ರೋಮ್-ಸ್ಯಾಂಡ್‌ಬಾಕ್ಸ್ ಅನ್ನೋ ಒಂದೇ ಒಂದು ಫೈಲ್ ರೂಟ್‌ನದಾಗಿರಬೇಕು. ಎನ್‌ಪಿಎಂ ಅದನ್ನು ನಿಮ್ಮ ಹೆಸರಿನಲ್ಲಿ ಇಳಿಸಿದೆ.

ನೋಡ್ ಮಾಡ್ಯೂಲ್ಸ್, ಅದರೊಳಗೆ ಎಲೆಕ್ಟ್ರಾನ್, ಅದರೊಳಗೆ ಡಿಸ್ಟ್. ಫೈಲ್ ಅಲ್ಲಿದೆ. ಆ ಫೈಲಿಗೆ ಮಾತ್ರ 'ಸೂಡೋ ಸಿಎಚ್‌ಓನ್ ರೂಟ್ ಕೋಲನ್ ರೂಟ್', ಆಮೇಲೆ ಅನುಮತಿ ಬದಲಿಸುವ 'ಸೂಡೋ ಸಿಎಚ್‌ಮಾಡ್ 4755'. ಈ ಕ್ರಮ ತಪ್ಪಬಾರದು. ಮೊದಲು 4755 ಕೊಟ್ಟು ಆಮೇಲೆ ಒಡೆತನ ಬದಲಾಯಿಸಿದರೆ ಆ 4 ಹಾರಿಹೋಗುತ್ತದೆ.

ನೋ-ಸ್ಯಾಂಡ್‌ಬಾಕ್ಸ್ ಅಂದರೆ ಚಿಲಕವನ್ನೇ ಕಿತ್ತು ಹಾಕಿದ ಹಾಗೆ. ನಿಮ್ಮ ಕನ್ನಡಿ ಹಗಲು ರಾತ್ರಿ ಹೊರಗಿನ ಸುದ್ದಿ ಎಳೆದುಕೊಳ್ಳುತ್ತಿರುತ್ತದೆ, ಅಲ್ವಾ? ನನಗಂತೂ ಅದು ಸರಿ ಅನ್ನಿಸುವುದಿಲ್ಲ.

ಮ್ಯಾಜಿಕ್‌ಮಿರರ್ 2014ರಲ್ಲಿ ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರಿಗೆ ಅಂತ ಶುರುವಾದ ಯೋಜನೆ. ಹೆಚ್ಚಿನ ಗೈಡ್‌ಗಳು ಪೈ ಮುಂದಿಟ್ಟುಕೊಂಡೇ ಬರೆದವು. ಉಬುಂಟುವಿನ ಈ ಚಿಲಕದ ಗಲಾಟೆ ಅವುಗಳಲ್ಲಿ ಸಿಗುವುದು ಕಷ್ಟ. ಇನ್ನೊಂದು ನೆನಪಿರಲಿ. ಮುಂದೆ ಅಪ್‌ಡೇಟ್ ಮಾಡಿದಾಗ ಎಲೆಕ್ಟ್ರಾನ್ ಹೊಸದಾಗಿ ಇಳಿದರೆ ಈ ಎರಡು ಕಮಾಂಡ್ ಮತ್ತೆ ಕೊಡಬೇಕು. 'ನಿನ್ನೆವರೆಗೆ ಚೆನ್ನಾಗಿತ್ತು ಸರ್' ಅಂತ ಬರುವವರಲ್ಲಿ ಅರ್ಧ ಜನ ಇದೇ ಕೇಸು.

ಇನ್ನೊಬ್ಬ ಸದಸ್ಯರು

ಮಧ್ಯೆ ಬಾಯಿ ಹಾಕ್ತಿದ್ದೇನೆ ಸರ್. ನನ್ನ ಹತ್ತಿರ 32 ಬಿಟ್‌ನ ಹಳೇ ನೆಟ್‌ಬುಕ್ ಇದೆ. ಅದರಲ್ಲಿ ಆಗುತ್ತಾ?

ಉತ್ತರ

ನೇರವಾಗಿ ಆಗುವುದಿಲ್ಲ. 32 ಬಿಟ್ ಇಂಟೆಲ್ ಲಿನಕ್ಸ್‌ಗೆ ಎಲೆಕ್ಟ್ರಾನ್ ಕೊಡುವುದನ್ನು 2019ರಲ್ಲೇ ಕೈಬಿಟ್ಟರು. ಆದರೆ ಅಡ್ಡದಾರಿ ಇದೆ. ಮನೆಯ ಬೇರೆ ಕಂಪ್ಯೂಟರಿನಲ್ಲಿ 'ಎನ್‌ಪಿಎಂ ರನ್ ಸರ್ವರ್' ಓಡಿಸಿ. ಅದರ ಕಾನ್ಫಿಗ್ (ಸೆಟ್ಟಿಂಗ್ಸ್) ಫೈಲಿನಲ್ಲಿ ಅಡ್ರೆಸ್ 0.0.0.0 ಮಾಡಿ, ಐಪಿ ವೈಟ್‌ಲಿಸ್ಟ್‌ಗೆ (ಒಳಬಿಡುವವರ ಪಟ್ಟಿ) ನೆಟ್‌ಬುಕ್‌ನ ಐಪಿ ವಿಳಾಸ ಸೇರಿಸಿ. ನೆಟ್‌ಬುಕ್‌ನಲ್ಲಿ ಬರೀ ಬ್ರೌಸರ್ ತೆರೆದು ಆ ಕಂಪ್ಯೂಟರಿನ 8080 ಪೋರ್ಟಿಗೆ ಹೋದರೆ ಸಾಕು. ಬ್ರೌಸರ್ ತೀರಾ ಹಳೆಯದಾಗಿದ್ದರೆ ಅದೂ ತಕರಾರು ಮಾಡಬಹುದು. ರೌಟರಿನಲ್ಲಿ ಆ ಪೋರ್ಟನ್ನು ಹೊರಗಿನವರಿಗೆ ತೆರೆಯಲೇಬೇಡಿ.

ಕೇಳಿದವರು

ಸ್ಯಾಂಡ್‌ಬಾಕ್ಸ್ ಸರಿಹೋಯ್ತು. ಪರದೆ ಕಪ್ಪಗಾಯ್ತು, ಖುಷಿಪಟ್ಟೆ. ನೋಡಿದರೆ ಮಧ್ಯದಲ್ಲಿ 'ಕಾನ್ಫಿಗ್ ಫೈಲ್ ಮಾಡಿ' ಅನ್ನೋ ಬರಹ ಅಷ್ಟೇ. ಫೈಲ್ ಮಾಡಿದ್ದೇನೆ ಸರ್! ಸ್ಯಾಂಪಲ್ ಫೈಲನ್ನು ಕಾಪಿ ಮಾಡಿ, ಕ್ಯಾಲೆಂಡರ್ ಲಿಂಕ್ ಸೇರಿಸಿದೆ. ಕೆಳಗೆ ಫೋಟೊ ಹಾಕಿದ್ದೇನೆ ನೋಡಿ.

ಉತ್ತರ

ಮೇಡಂ, ಮೊದಲು ಆ ಫೋಟೊ ಡಿಲೀಟ್ ಮಾಡಿ. ಆಮೇಲೆ ಮಿಕ್ಕಿದ್ದು.

ಅದರಲ್ಲಿರುವುದು ಗೂಗಲ್ ಕ್ಯಾಲೆಂಡರಿನ ಗುಪ್ತ ವಿಳಾಸ. ಅದು ಯಾರ ಕೈಗೆ ಸಿಕ್ಕರೂ ಪಾಸ್‌ವರ್ಡ್ ಇಲ್ಲದೆ ನಿಮ್ಮ ಇಡೀ ಕ್ಯಾಲೆಂಡರ್ ಓದಬಹುದು. ನೀವು ಊರಲ್ಲಿಲ್ಲದ ದಿನಗಳೂ ಅದರಲ್ಲಿರುತ್ತವೆ. ಕ್ಯಾಲೆಂಡರ್ ಸೆಟ್ಟಿಂಗ್ಸ್‌ಗೆ ಹೋಗಿ ಆ ವಿಳಾಸವನ್ನು ರೀಸೆಟ್ ಮಾಡಿ, ಹೊಸದನ್ನು ಕಾನ್ಫಿಗ್‌ನಲ್ಲಿ ಹಾಕಿ. ಗಾಬರಿ ಬೇಡ, ಎರಡು ನಿಮಿಷದ ಕೆಲಸ.

ಇನ್ನು ನಿಮ್ಮ ತೊಂದರೆ. ಫೈಲ್ ಇದ್ದರೂ ಅದರಲ್ಲಿ ತಪ್ಪಿದ್ದರೆ ಇದೇ ಬರಹ ಬರುತ್ತದೆ. ನಿಮ್ಮ ಫೈಲಿನಲ್ಲಿ ಮೊದಲ ಕ್ಯಾಲೆಂಡರ್ ಬ್ಲಾಕ್‌ನ ಮುಚ್ಚುವ ಬ್ರಾಕೆಟ್ ಆದಮೇಲೆ ಅಲ್ಪವಿರಾಮ ಇಲ್ಲ. ನಿಮ್ಮ ಬ್ಲಾಕ್ ನೇರವಾಗಿ ಶುರುವಾಗಿದೆ. ಒಂದು ಚುಕ್ಕಿಬಾಲದ ಕೊರತೆ! ಕಣ್ಣಲ್ಲಿ ಹುಡುಕಿ ಸುಸ್ತಾಗಬೇಡಿ. 'ಎನ್‌ಪಿಎಂ ರನ್ ಕಾನ್ಫಿಗ್ ಕೋಲನ್ ಚೆಕ್' ಕೊಟ್ಟರೆ ಎಷ್ಟನೇ ಸಾಲು ಅಂತ ಅದೇ ಹೇಳುತ್ತದೆ. ಸ್ಯಾಂಪಲ್‌ನಲ್ಲಿ ಮೊದಲೇ ಇರುವ ಅಮೆರಿಕದ ರಜಾದಿನಗಳನ್ನೂ ತೆಗೆದುಬಿಡಿ. ನಮಗೆ ಸುಮ್ನೆ ಆಸೆ ತೋರಿಸುತ್ತವೆ.

ಹವಾಮಾನಕ್ಕೆ ಓಪನ್-ಮೀಟಿಯೋ ಇಟ್ಟುಕೊಳ್ಳಿ, ಕೀ ಬೇಡ. ಊರಿನ ಅಕ್ಷಾಂಶ, ರೇಖಾಂಶ ಕೊಟ್ಟರೆ ಆಯ್ತು.

ಕೇಳಿದವರು

ಬಂತು ಸರ್, ಬಂತು! ಫೋಟೊ ತೆಗೆದೆ, ವಿಳಾಸವನ್ನೂ ಬದಲಾಯಿಸಿದೆ. ಪರದೆಯಲ್ಲಿ ಕನ್ನಡ ಬರುತ್ತಾ? ಅಮ್ಮನಿಗೆ ಇಂಗ್ಲಿಷ್ ಓದೋಕೆ ಬರಲ್ಲ. ಮತ್ತೆ ಕರೆಂಟ್ ಹೋಗಿ ಬಂದಾಗ ತಾನಾಗಿಯೇ ಶುರುವಾಗಬೇಕು.

ಉತ್ತರ

ಬರುತ್ತದೆ. ಕಾನ್ಫಿಗ್‌ನಲ್ಲಿ ಲ್ಯಾಂಗ್ವೇಜ್ ಮುಂದೆ 'ಕೆಎನ್' ಅಂತ ಹಾಕಿ. ಗಡಿಯಾರ ಬಳಸುವ ಮೊಮೆಂಟ್ ಅನ್ನೋ ಲೈಬ್ರರಿಗೆ ಕನ್ನಡ ಗೊತ್ತು. ವಾರ, ತಿಂಗಳು, ಅಂಕಿ ಕೂಡ ಕನ್ನಡದಲ್ಲಿ ಬರುತ್ತವೆ. ಮಿಕ್ಕ ಪದಗಳು ಇಂಗ್ಲಿಷಿನಲ್ಲೇ ಉಳಿಯುತ್ತವೆ. ನನ್ನ ಹತ್ತಿರ ಇರುವ ಆವೃತ್ತಿಯ ಅನುವಾದಗಳಲ್ಲಿ ಹಿಂದಿ, ಗುಜರಾತಿ ಇವೆ. ಕ್ಲಿಂಗನ್ ಅಂತ ಯಾವ ದೇಶದಲ್ಲೂ ಇಲ್ಲದ ಒಂದು ಕಲ್ಪನೆಯ ಭಾಷೆಯೂ ಇದೆ. ಕನ್ನಡ ಇಲ್ಲ. ಒಂದೇ ಸಣ್ಣ ಫೈಲಿನ ಕೆಲಸ, ಗುಂಪಿನಲ್ಲಿ ಯಾರಾದರೂ ಕೂತರೆ ಒಂದು ಭಾನುವಾರ ಸಾಕು.

ಕಾಂಪ್ಲಿಮೆಂಟ್ಸ್ ಅನ್ನೋ ಮಾಡ್ಯೂಲಿನಲ್ಲಿ ನಿಮ್ಮದೇ ಕನ್ನಡ ಸಾಲು ಬರೆಯಬಹುದು. ಬೆಳಗಿನ ಸಾಲು 3ರಿಂದ 12 ಗಂಟೆವರೆಗೆ, ಮಧ್ಯಾಹ್ನದ್ದು 5ರವರೆಗೆ. ನಮ್ಮ ಮನೇದು ಬೆಳಿಗ್ಗೆ 'ಕಾಫಿ ಆಯ್ತಾ?' ಅನ್ನುತ್ತದೆ. ಉಬುಂಟುವಿನಲ್ಲಿ ಸಾಮಾನ್ಯವಾಗಿ ಗುಬ್ಬಿ, ನವಿಲು ಫಾಂಟ್‌ಗಳು ಮೊದಲೇ ಇರುತ್ತವೆ. ಅಕ್ಷರದ ಬದಲು ಚೌಕ ಕಂಡರೆ 'ಫಾಂಟ್ಸ್-ಕೆಎನ್‌ಡಿಎ' ಪ್ಯಾಕೇಜ್ ಹಾಕಿ.

ತಾನಾಗಿ ಶುರುವಾಗಲು ಒಂದು ಸಣ್ಣ ಸ್ಕ್ರಿಪ್ಟ್ ಬರೆದು 'ಸ್ಟಾರ್ಟಪ್ ಅಪ್ಲಿಕೇಷನ್ಸ್'ಗೆ ಸೇರಿಸಿ, ಆಟೊಮ್ಯಾಟಿಕ್ ಲಾಗಿನ್ ಆನ್ ಮಾಡಿ. ಸ್ಕ್ರಿಪ್ಟಿನಲ್ಲಿ ಮೊದಲ ಕೆಲಸ ಎನ್‌ವಿಎಂ ಅನ್ನು ಲೋಡ್ ಮಾಡುವುದು. ಇಲ್ಲದಿದ್ದರೆ ಟರ್ಮಿನಲ್‌ನಲ್ಲಿ ಓಡುವುದು ಬೂಟ್‌ನಲ್ಲಿ ಓಡುವುದಿಲ್ಲ. ಪವರ್ ಸೆಟ್ಟಿಂಗ್ಸ್‌ನಲ್ಲಿ ಸ್ಕ್ರೀನ್ ಬ್ಲ್ಯಾಂಕ್ 'ನೆವರ್' ಮಾಡಿ.

ಕರೆಂಟಿನ ವಿಷಯ ಬಂತಲ್ಲ, ಲ್ಯಾಪ್‌ಟಾಪಿನ ಬ್ಯಾಟರಿ ಊದಿಕೊಂಡಿದೆಯಾ ನೋಡಿ. ಊದಿದ್ದರೆ ನೀವೇ ಕೀಳಲು ಹೋಗಬೇಡಿ, ರಿಪೇರಿಯವರಿಂದ ತೆಗೆಸಿ. ಚೌಕಟ್ಟಿನ ಹಿಂದೆ, ಗಾಳಿ ಆಡದ ಜಾಗದಲ್ಲಿ ಅಂಥದ್ದನ್ನು ಇಡಲೇಬಾರದು. ಬಡಗಿಗೆ ಹೇಳಿ ಮೇಲೆ ಕೆಳಗೆ ನಾಲ್ಕು ತೂತು ಹಾಕಿಸಿ.

ಕೇಳಿದವರು

ಆಯ್ತು ಸರ್. ಅಮ್ಮ ಕನ್ನಡ ಅಂಕಿ ಓದಿಕೊಂಡು ಈಗಾಗಲೇ ಎರಡು ಸಲ ಟೈಮ್ ಹೇಳಿದರು. ಆದರೆ ಮಗನಿಗೆ ಕನ್ನಡ ಅಂಕಿ ಬರಲ್ಲ. ಗಂಟೆ ಎಷ್ಟು ಅಂತ ಅಜ್ಜಿಯನ್ನೇ ಕೇಳುತ್ತಿದ್ದಾನೆ.

ಉತ್ತರ

ಲ್ಯಾಂಗ್ವೇಜ್ ವಾಪಸ್ 'ಇಎನ್' ಮಾಡಿದರೆ ಇಂಗ್ಲಿಷ್ ಅಂಕಿ ಬರುತ್ತದೆ ಮೇಡಂ. ಮಾಡೋದಾ?

ಕೇಳಿದವರು

ಬೇಡ ಸರ್. ಕಲೀಲಿ.