ಜೀವಾವಧಿ ಬಂಧಿಯ ಅವಧಿಪೂರ್ವ ಬಿಡುಗಡೆ: 14 ವರ್ಷ ಎಲ್ಲಿಂದ ಎಣಿಸಬೇಕು, ಕಡತದಲ್ಲಿ ಏನಿರಬೇಕು?

ಪ್ರಶ್ನೆ | ಹೊಳೆದಂಡೆ

ನಮಸ್ಕಾರ. ಕೊಲೆ ಪ್ರಕರಣದಲ್ಲಿ ಜೀವಾವಧಿ ಶಿಕ್ಷೆಯಾಗಿ ಕೇಂದ್ರ ಕಾರಾಗೃಹದಲ್ಲಿರುವ ಒಬ್ಬರ ಮನೆಯವರ ಪರವಾಗಿ ಕೇಳುತ್ತಿದ್ದೇನೆ. ಬಂಧನ 2011ರ ಮಾರ್ಚ್ 14. ವಿಚಾರಣೆ ನಡೆಯುವಾಗ 5 ತಿಂಗಳು ಜಾಮೀನಿನ ಮೇಲೆ ಹೊರಗಿದ್ದರು. ಸೆಷನ್ಸ್ ಕೋರ್ಟಿನಲ್ಲಿ ಶಿಕ್ಷೆಯಾದದ್ದು 2013ರ ಆಗಸ್ಟ್‌ನಲ್ಲಿ. ಹೈಕೋರ್ಟಿನಲ್ಲಿ ಮೇಲ್ಮನವಿ ವಜಾ ಆಗಿದೆ. ದಂಡ 25,000 ರೂಪಾಯಿ, ಕಟ್ಟದಿದ್ದರೆ ಇನ್ನೊಂದು ವರ್ಷ ಸಜೆ. ದಂಡ ಇನ್ನೂ ಕಟ್ಟಿಲ್ಲ. ಪೆರೋಲ್ ಮೇಲೆ ಒಟ್ಟು 120 ದಿನ ಊರಿಗೆ ಬಂದುಹೋಗಿದ್ದಾರೆ, ಪ್ರತಿ ಸಲವೂ ಹೇಳಿದ ದಿನಕ್ಕೆ ವಾಪಸ್ ಹೋಗಿದ್ದಾರೆ.

"2025ರ ಮಾರ್ಚಿಗೇ 14 ವರ್ಷ ಆಯ್ತಲ್ಲ, ಯಾಕೆ ಬಿಡಲಿಲ್ಲ?" ಎಂದು ಮನೆಯವರು ಕೇಳುತ್ತಾರೆ. ಅವರ ಲೆಕ್ಕ ಸರಿಯೇ? "ಬಿಟ್ಟರೆ ಊರಲ್ಲಿ ಶಾಂತಿ ಕದಡಬಹುದು" ಎಂದು ಪೊಲೀಸ್ ವರದಿ ಹೋಗಿದೆಯಂತೆ. ಸತ್ತವರ ಮನೆಗೆ ಹೋಗಿ ಕ್ಷಮೆ ಕೇಳಿ, ಆಕ್ಷೇಪವಿಲ್ಲ ಎಂದು ಬರೆಸಿಕೊಂಡರೆ ಅನುಕೂಲ ಆಗುತ್ತದೆಯೇ?

ಉತ್ತರ | ಕರಿಕೋಟು

ಮನೆಯವರ ಲೆಕ್ಕ ತಪ್ಪಿದೆ. ಹೆಚ್ಚಿನವರು ಎಡವುವುದು ಇಲ್ಲೇ. ಮರಣದಂಡನೆಗೂ ಅವಕಾಶವಿರುವ ಅಪರಾಧಕ್ಕೆ ಜೀವಾವಧಿ ಆಗಿದ್ದರೆ 14 ವರ್ಷ ಒಳಗೆ ಕಳೆದಿರಲೇಬೇಕು. ಇದು ದಂಡ ಪ್ರಕ್ರಿಯಾ ಸಂಹಿತೆಯ ಹಳೆಯ 433ಎ ಕಲಂ, ಈಗ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 475. ಒಳ್ಳೆಯ ನಡತೆಗೂ ಕೆಲಸಕ್ಕೂ ಜೈಲಿನಲ್ಲಿ ಕೊಡುವ ಮಾಫಿ ದಿನಗಳನ್ನು ಈ 14ಕ್ಕೆ ಕೂಡಿಸುವಂತಿಲ್ಲ. ಆದರೆ ಶಿಕ್ಷೆಗೆ ಮುಂಚೆ ವಿಚಾರಣಾಧೀನರಾಗಿ ಒಳಗಿದ್ದ ದಿನಗಳೂ ಲೆಕ್ಕಕ್ಕೆ ಬರುತ್ತವೆ. ಜಾಮೀನಿನ ಕಾಲ ಬರುವುದಿಲ್ಲ. ಪೆರೋಲ್ ದಿನಗಳನ್ನೂ ಕಳೆಯಬೇಕೆಂಬುದನ್ನು ಸುಪ್ರೀಂ ಕೋರ್ಟ್ 2023ರ ಜನವರಿಯಲ್ಲಿ ಗೋವಾದ ಪ್ರಕರಣವೊಂದರಲ್ಲಿ ಎತ್ತಿಹಿಡಿದಿದೆ.

ಹಾಗಾಗಿ 2025ರ ಮಾರ್ಚ್ ಮಧ್ಯಕ್ಕೆ ಜಾಮೀನಿನ 5 ತಿಂಗಳು ಸೇರಿಸಿದರೆ ಆಗಸ್ಟ್ ಮಧ್ಯ, ಅದಕ್ಕೆ ಪೆರೋಲಿನ 120 ದಿನ ಸೇರಿಸಿದರೆ ಡಿಸೆಂಬರ್ ಎರಡನೇ ವಾರ. ನೀವು ಹಿಡಿಯಬೇಕಾದ ದಿನ ಅದು. ಬಾಯಿಲೆಕ್ಕ ನಂಬಬೇಡಿ, ಕಾರಾಗೃಹದಿಂದ ನಾಮಿನಲ್ ರೋಲ್ ಪ್ರತಿ ತೆಗೆಸಿ. ಒಳಗಿದ್ದ ಅವಧಿ, ಮಾಫಿ, ಪೆರೋಲ್, ಜೈಲು ಶಿಸ್ತಿನ ಶಿಕ್ಷೆ ಎಲ್ಲವೂ ಅದರಲ್ಲಿರುತ್ತವೆ. ಜಾಮೀನಿನ ತಾರೀಖುಗಳನ್ನು ಕೋರ್ಟ್ ದಾಖಲೆಯ ಜೊತೆ ತಾಳೆ ನೋಡಿ.

ದಂಡದ ವಿಷಯವನ್ನು ಕೊನೆಗೆ ನೋಡೋಣ ಎನ್ನಬೇಡಿ. ಮುಖ್ಯ ಶಿಕ್ಷೆ ಮನ್ನಾ ಆದರೂ ದಂಡ ಬಾಕಿಯಿದ್ದರೆ ಆ ಒಂದು ವರ್ಷ ಕುತ್ತಿಗೆಗೆ ಬರುತ್ತದೆ. ದಂಡ ಕಟ್ಟಿದ ಕ್ಷಣಕ್ಕೆ ಆ ಸಜೆ ಮುಗಿಯುತ್ತದೆ, ಭಾಗ ಕಟ್ಟಿದರೆ ಆ ಪ್ರಮಾಣದಷ್ಟು ಇಳಿಯುತ್ತದೆ. ಬಡ ಬಂಧಿಗಳಿಗಾಗಿ ಕೇಂದ್ರ ಸರ್ಕಾರ 2023ರಲ್ಲಿ ತಂದ ಯೋಜನೆಯಲ್ಲಿ 25,000 ರೂಪಾಯಿವರೆಗಿನ ದಂಡಕ್ಕೆ ನೆರವಿದೆ. ನಿಮ್ಮ ಮೊತ್ತ ಸರಿಯಾಗಿ ಅಷ್ಟೇ ಇದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಳಿ, ಸಹಾಯವಾಣಿ 15100.

ಉತ್ತರ | ಮಲಪ್ರಭಾ

ತೀರ್ಪಿನ ಕೊನೆಯ ಪುಟವನ್ನು ಮೊದಲು ಓದಿ. "ಮಾಫಿ ಇಲ್ಲದೆ ಇಷ್ಟು ವರ್ಷ" ಅಥವಾ "ಕೊನೆಯುಸಿರಿನವರೆಗೆ" ಎಂಬ ಮಾತು ಇದೆಯೇ? 2008ರಲ್ಲಿ ನಮ್ಮ ರಾಜ್ಯದ್ದೇ ಆದ ಶ್ರದ್ಧಾನಂದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅಂಥ ಶಿಕ್ಷೆ ಕೊಟ್ಟಿತು. ಅದನ್ನು ಕೊಡುವ ಅಧಿಕಾರ ಹೈಕೋರ್ಟ್ ಮತ್ತು ಸುಪ್ರೀಂ ಕೋರ್ಟಿಗೆ ಮಾತ್ರ ಎಂದು 2015ರಲ್ಲಿ ಸಂವಿಧಾನ ಪೀಠ ಸ್ಪಷ್ಟಪಡಿಸಿದೆ. ಸೆಷನ್ಸ್ ಕೋರ್ಟೇ ಹಾಗೆ ಬರೆದಿದ್ದರೆ ವಕೀಲರಿಗೆ ತೋರಿಸಿ.

ಅರ್ಹರಾದವರು ಅರ್ಜಿ ಹಾಕದಿದ್ದರೂ, ಅವಧಿಪೂರ್ವ ಬಿಡುಗಡೆಗೆ ನೀತಿ ಇರುವ ರಾಜ್ಯಗಳು ಅವರನ್ನು ಪರಿಗಣಿಸಲೇಬೇಕೆಂದು 2025ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬಂದಿದೆ. ಆದರೂ ಅರ್ಜಿ ಹಾಕಿ, ಸ್ವೀಕೃತಿ ಇಟ್ಟುಕೊಳ್ಳಿ. ಶಿಕ್ಷೆಯಾದ ದಿನ ಇದ್ದ ನೀತಿ ಅನ್ವಯಿಸುತ್ತದೆ, ಆಮೇಲೆ ಇನ್ನೂ ಉದಾರವಾದದ್ದು ಬಂದಿದ್ದರೆ ಅದರ ಲಾಭವೂ ಸಿಗಬೇಕು (ಜಗದೀಶ್ ಪ್ರಕರಣ, 2010).

ಕಡತ ತುಂಬಬೇಕಾದದ್ದು 2000ದ ಲಕ್ಷ್ಮಣ್ ನಸ್ಕರ್ ತೀರ್ಪು ಕೇಳುವ ಪ್ರಶ್ನೆಗಳಿಗೆ: ಕೃತ್ಯ ವೈಯಕ್ತಿಕವೋ ಸಮಾಜಕ್ಕೇ ತಟ್ಟುವಂಥದ್ದೋ, ಮತ್ತೆ ಮಾಡುವ ಸಂಭವವಿದೆಯೇ, ಅಪರಾಧ ಮಾಡುವ ಶಕ್ತಿ ಉಳಿದಿದೆಯೇ, ಇನ್ನೂ ಒಳಗಿಟ್ಟು ಪ್ರಯೋಜನವೇನು, ಕುಟುಂಬದ ಸ್ಥಿತಿ ಹೇಗಿದೆ. "ಒಳ್ಳೆಯ ಮನುಷ್ಯ" ಎಂದು ಹತ್ತು ಜನ ಸಹಿ ಹಾಕಿದ ಕಾಗದದಿಂದ ಇವಕ್ಕೆ ಉತ್ತರ ಸಿಗುವುದಿಲ್ಲ. ಪೆರೋಲಿನಿಂದ ಪ್ರತಿ ಸಲ ವಾಪಸಾದ ತಾರೀಖು, ಜೈಲಿನಲ್ಲಿ ಮಾಡಿದ ಕೆಲಸ, ಓದಿನ ಪ್ರಮಾಣಪತ್ರ, ಕಾಯಿಲೆಯಿದ್ದರೆ ಸರ್ಕಾರಿ ಆಸ್ಪತ್ರೆಯ ದಾಖಲೆ ಲಗತ್ತಿಸಿ. ಕೆಲಸ ಕೊಡುವವರ ಪತ್ರದಲ್ಲಿ ಯಾವ ಕೆಲಸ, ಎಲ್ಲಿ, ದಿನಕ್ಕೆ ಎಷ್ಟು ಕೂಲಿ ಎಂದು ಬರೆಸಿ. ಉಳಿಯುವ ಮನೆ ಯಾರದ್ದು ಎಂಬುದಕ್ಕೆ ಆ ಮನೆಯವರ ಪ್ರಮಾಣಪತ್ರ (ಅಫಿಡವಿಟ್) ಬೇಕು.

ಪೊಲೀಸ್ ವರದಿ ವ್ಯತಿರಿಕ್ತವಾಗಿದೆ ಎಂದು ಎದೆಗುಂದಬೇಡಿ. ಅದೊಂದನ್ನೇ ಹಿಡಿದು ತಳ್ಳಿಹಾಕುವಂತಿಲ್ಲ (ರಾಜೋ, 2023). ಶಿಕ್ಷೆ ಕೊಟ್ಟ ನ್ಯಾಯಾಲಯದ ಅಭಿಪ್ರಾಯದಲ್ಲೂ ಸರಿಯಾದ ಕಾರಣಗಳಿರಬೇಕು (ರಾಮ್ ಚಂದರ್, 2022). ಶಾಂತಿ ಕದಡುತ್ತದೆ ಎಂಬ ಮಾತಿಗೆ ಬಲವಾದ ಉತ್ತರ ಆ 120 ದಿನಗಳೇ. ಅಷ್ಟೂ ದಿನ ಅದೇ ಊರಿನಲ್ಲಿದ್ದಾಗ ಒಂದೂ ದೂರು ದಾಖಲಾಗಿಲ್ಲ ಎಂದಾದರೆ ಅದನ್ನು ಅರ್ಜಿಯ ಮೊದಲ ಪುಟದಲ್ಲೇ ಬರೆಯಿರಿ.

ಇನ್ನೊಂದು ಮಾತು, ಗಡಿಭಾಗದವರಿಗೆ: ವಿಚಾರಣೆ ನಡೆದು ಶಿಕ್ಷೆಯಾದ ರಾಜ್ಯವೇ ನಿರ್ಧರಿಸಬೇಕು (ಬಿಲ್ಕಿಸ್ ಬಾನು, 2024ರ ಜನವರಿ). ಸಾಂಗಲಿಯಲ್ಲಿ ಶಿಕ್ಷೆಯಾಗಿ ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿದ್ದರೂ ಕಡತ ಹೋಗಬೇಕಾದದ್ದು ಮಹಾರಾಷ್ಟ್ರಕ್ಕೆ.

ಹೊಳೆದಂಡೆ

ತುಂಬಾ ಉಪಕಾರವಾಯಿತು ಮೇಡಂ. ತಿರಸ್ಕಾರವಾದರೆ ಮುಂದೇನು? ಕ್ಷಮೆ ಪತ್ರದ ಬಗ್ಗೆಯೂ ಹೇಳಿ.

ಉತ್ತರ | ಕರಿಕೋಟು

ತಿರಸ್ಕಾರದ ಆದೇಶದಲ್ಲಿ ಕಾರಣ ಇರಬೇಕು, ಅದು ಬಂಧಿಯ ಕೈಗೆ ಸಿಗಬೇಕು. ಕಾರಣವಿಲ್ಲದಿದ್ದರೆ ಹೈಕೋರ್ಟಿನಲ್ಲಿ ರಿಟ್ ಹಾಕಬಹುದು. ಕೋರ್ಟ್ ಸಾಮಾನ್ಯವಾಗಿ ತಾನೇ ಬಿಡುಗಡೆ ಮಾಡುವುದಿಲ್ಲ, ಮತ್ತೆ ಪರಿಗಣಿಸಿ ಎನ್ನುತ್ತದೆ. ಬಂಧನದಲ್ಲಿರುವವರಿಗೆ ಆದಾಯ ನೋಡದೆ ಉಚಿತ ವಕೀಲರ ಹಕ್ಕಿದೆ, ಸಾಲ ಮಾಡಿ ಫೀಸು ಕಟ್ಟಬೇಡಿ. ಕಾಯಿಲೆ ವಿಷಮಿಸಿದ್ದರೆ ಸಂವಿಧಾನದ 161ನೇ ವಿಧಿಯಡಿ ರಾಜ್ಯಪಾಲರು ಶಿಕ್ಷೆ ಮನ್ನಾ ಮಾಡುವ ದಾರಿಯೂ ಇದೆ, ಅದಕ್ಕೆ 14 ವರ್ಷದ ಕಟ್ಟಿಲ್ಲ.

ಉತ್ತರ | ಬೇಲಿಹೂವು

ಕ್ಷಮೆ ಪತ್ರ ಬರೆಸಿಕೊಳ್ಳಲು ದಯವಿಟ್ಟು ಆ ಮನೆಗೆ ಹೋಗಬೇಡಿ. ಅವರ ಒಪ್ಪಿಗೆ ಕಾನೂನಿನ ಷರತ್ತಲ್ಲ, ಅವರ ಆಕ್ಷೇಪವೊಂದೇ ಬಾಗಿಲು ಮುಚ್ಚುವುದೂ ಇಲ್ಲ. ಆದರೆ ನೆಂಟರು ನಾಲ್ಕು ಜನ ಸ್ಟಾಂಪ್ ಪೇಪರ್ ಹಿಡಿದು ಅಂಗಳದಲ್ಲಿ ನಿಂತರೆ ಆ ತಾಯಿಗೆ ಅದು ಬೆದರಿಕೆಯಾಗಿಯೇ ಕೇಳಿಸುತ್ತದೆ. ಮರುದಿನ ಠಾಣೆಗೆ ಒಂದು ದೂರು ಹೋದರೂ ಮೇಲೆ ಹೇಳಿದ 120 ದಿನಗಳ ಬಲ ಹೋಯಿತು. ಮಗನನ್ನು ಕಳೆದುಕೊಂಡವರ ಹತ್ತಿರ, ನಮಗೆ ಬೇಕಾದ ದಿನಕ್ಕೆ ಕ್ಷಮಿಸಿ ಎಂದು ಕೇಳುವ ಹಕ್ಕು ನಮಗಿಲ್ಲ.

ಪಶ್ಚಾತ್ತಾಪ ಹೇಳಲೇಬೇಕೆಂದು ಬಂಧಿಗೆ ಅನಿಸಿದ್ದರೆ ಸ್ವಂತ ಕೈಬರಹದಲ್ಲಿ ಒಂದು ಪುಟ ಬರೆಯಲಿ. "ನನ್ನ ಕೈಯಿಂದ ಆದದ್ದು" ಎಂದಿರಲಿ, "ಅಂದು ನಡೆದ ಘಟನೆ" ಎಂದಲ್ಲ. ಬಿಡುಗಡೆಯ ಮಾತು, ಸಹಿಯ ಬೇಡಿಕೆ ಅದರಲ್ಲಿ ಬೇಡ. ಅದನ್ನು ಕಾನೂನು ಸೇವಾ ಪ್ರಾಧಿಕಾರದ ಮೂಲಕ ವಿಚಾರಿಸಿ, ಸತ್ತವರ ಮನೆಯವರು ಓದಲು ಒಪ್ಪಿದರೆ ಮಾತ್ರ ಕೊಡಿಸಿ. ಬೇಡವೆಂದರೆ ಅಲ್ಲಿಗೆ ಬಿಡಿ.

ಅದಕ್ಕಿಂತ ಉಪಯೋಗದ ಕೆಲಸ ಇನ್ನೊಂದಿದೆ. ಸಂತ್ರಸ್ತರ ಪರಿಹಾರ (ಹಳೆಯ 357ಎ, ಈಗ 396) ಆ ಕುಟುಂಬಕ್ಕೆ ಸಿಕ್ಕಿದೆಯೇ ಎಂದು ಪ್ರಾಧಿಕಾರವೇ ವಿಚಾರಿಸುವಂತೆ ಕೇಳಿಕೊಳ್ಳಿ. ಆ ಅರ್ಜಿಗೂ ಬಿಡುಗಡೆಯ ಕಡತಕ್ಕೂ ಗಂಟು ಹಾಕಬೇಡಿ.

ಬಿಡುಗಡೆಯಾದ ಮೇಲೆ ಮೊದಲ ತಿಂಗಳುಗಳು ಸಾಧ್ಯವಾದರೆ ಬೇರೆ ಊರಿನಲ್ಲಿ ಉಳಿಯಲಿ. ಸಂತೆಯಲ್ಲಿ, ಜಾತ್ರೆಯಲ್ಲಿ ಎದುರುಬದುರಾಗುವುದು ಇಬ್ಬರಿಗೂ ಕಷ್ಟ. ಬಿಡುಗಡೆ ಆದೇಶದ ಷರತ್ತುಗಳ ಪ್ರತಿ ಮನೆಯಲ್ಲಿರಲಿ, ಹಾಜರಾತಿಯ ದಿನ ತಪ್ಪದಿರಲಿ. ಆಧಾರ್ ನವೀಕರಣ, ಪಡಿತರ ಚೀಟಿಗೆ ಹೆಸರು, ಬ್ಯಾಂಕ್ ಖಾತೆ, ಇವನ್ನು ಮೊದಲ ವಾರದಲ್ಲೇ ಮುಗಿಸಿ. ಜೈಲಿನಲ್ಲಿ ದುಡಿದ ಕೂಲಿಯ ಬಾಕಿ ಎಷ್ಟಿದೆ ಎಂದು ಹೊರಬರುವ ದಿನವೇ ಲಿಖಿತವಾಗಿ ಪಡೆದುಕೊಳ್ಳಲಿ.